ಚಕ್ರದ ಮನೆಗೊಂದು ಬಟ್ಟೆಯ ಜಗಲಿ

ಒಂದಾನೊಂದು ಕಾಲದಲ್ಲಿ, ಅಂದರೆ ತೀರ ಹಿಂದೇನೂ ಅಲ್ಲ, ಹೋದ ಚಳಿಗಾಲದಲ್ಲಿ, ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗಬೇಕೆಂದು ಜನರೇ ಕೂತು ತೀರ್ಮಾನ ಮಾಡಿದ ಒಂದು ನಾಡಿನಲ್ಲಿ, ಚಕ್ರಗಳಿದ್ದ ಒಂದು ಮನೆ ಇತ್ತು. ಅದಕ್ಕೆ ಒಲೆ ಇತ್ತು, ಮಂಚ ಇತ್ತು, ಹೂವಿನ ಪರದೆ ಹಾಕಿದ ಕಿಟಕಿಗಳಿದ್ದವು. ಜಗಲಿ ಮಾತ್ರ ಇರಲಿಲ್ಲ. ಜಗಲಿ ಇಲ್ಲದ್ದರಿಂದ ಒಬ್ಬ ಮುದುಕಿ ಆ ಮನೆಗೆ ಬರುವ ಹಾಗಿರಲಿಲ್ಲ. ಮುದುಕಿ ಬಾರದಿದ್ದರೆ ಅರ್ಧಕ್ಕೆ ನಿಂತಿದ್ದ ಒಂದು ಕಥೆ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಮುದುಕಿ ಎಂದರೆ ರೆನ್ಸ್ಕೆ ಎಂಬವಳ ಅಜ್ಜಿ, ಹಿಸ್ಕೆ. ಚಕ್ರದ ಮನೆ ಎಂದರೆ ರೆನ್ಸ್ಕೆಯೂ ಅವಳ ಗಂಡ ವೀಬೆಯೂ ಶರತ್ಕಾಲದಲ್ಲಿ ಕೊಂಡ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಹಳೆಯ ಕ್ಯಾರವಾನ್. ಅಜ್ಜಿಗೆ ಸೊಂಟದ ಕೀಲು ಬದಲಾಯಿಸಿದ ಮೇಲೆ ಮೊಣಕಾಲೆತ್ತರದ ಮೆಟ್ಟಿಲು ಹತ್ತಿ ಕ್ಯಾರವಾನಿನ ಒಳಗೆ ಹೋಗುವುದು ಮುಗಿದ ಮಾತು. ಆದರೆ ಕ್ಯಾರವಾನಿನ ಪಕ್ಕಕ್ಕೆ ಮುಂಗುಡಾರ ಕಟ್ಟಿದರೆ, ಅಂದರೆ ಬಟ್ಟೆಯ ಜಗಲಿಯೊಂದನ್ನು ಹೂಡಿದರೆ, ಹುಲ್ಲಿನ ಮೇಲೇ ಅವಳ ಮಂಚ ಹಾಕಬಹುದಿತ್ತು. ಬೊಲ್ಸ್‌ವರ್ಡಿನ ವೃದ್ಧರ ವಸತಿ ಸೇರಿದ ಮೇಲೆ ಅಜ್ಜಿ ಕಥೆ ಹೇಳುವುದನ್ನೇ ಬಿಟ್ಟಿದ್ದಳು. ಗಂಡನ ಬೂಟು ಹುಡುಕಿಕೊಂಡು ದೊಡ್ಡ ಕೆರೆಯ ತಳಕ್ಕೆ ಇಳಿದ ನಾವಿಕನ ಹೆಂಡತಿಯ ಕಥೆ, ಅಜ್ಜಿ ಕೊನೆಯ ಸಲ ಕೆರೆ ದಂಡೆಯಲ್ಲಿ ಮಲಗಿದ ರಾತ್ರಿ, ಆ ಹೆಂಡತಿ ನೀರೊಳಗಿನ ಮನೆಯ ಕದ ತಟ್ಟುವಲ್ಲಿಗೆ ನಿಂತಿತ್ತು.

“ಗೋಡೆ ಇರೋ ಕಡೆ ಈ ಕಥೆ ಹೇಳಬಾರದು ಮಗಾ. ಗೋಡೆ ಕಥೆ ನುಂಗುತ್ತೆ. ಬಟ್ಟೆ ಕೆಳಗೆ ಕೂತು ಹೇಳಬೇಕು,” ಎನ್ನುತ್ತಿದ್ದಳು ಅಜ್ಜಿ.

“ಮೇ ತಿಂಗಳ ಪೆಂತೆಕೊಸ್ತೆ ಹಬ್ಬಕ್ಕೆ ನಿನ್ನ ಕರ್ಕೊಂಡು ಹೋಗ್ತೀನಿ ಅಜ್ಜಿ. ಟೆಂಟ್ ಒಳಗೇ ನಿನ್ನ ಮಂಚ,” ಎಂದಳು ಒಂದು ದಿನ ನೋಡಲು ಹೋದ ರೆನ್ಸ್ಕೆ.

“ಹೋದ ವರ್ಷಾನೂ ಹಿಂಗೇ ಅಂದಿದ್ದೆ.”

“ಹೋದ ವರ್ಷ ಕ್ಯಾರವಾನೇ ಇರ್ಲಿಲ್ಲ.”

“ಈ ವರ್ಷ ಟೆಂಟ್ ಇಲ್ಲ. ಮುಂದಿನ ವರ್ಷದ ಮಾತು ನನ್ನ ಹತ್ರ ಆಡಬೇಡ, ಅಷ್ಟೆ.”

ಅಜ್ಜಿ ನಗುತ್ತಲೇ ಹೇಳಿದ್ದಳು. ರೆನ್ಸ್ಕೆಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ, ಆಯಿತು, ಹಬ್ಬದೊಳಗೆ ಮುಂಗುಡಾರ ನಿಲ್ಲಿಸಿಯೇ ಸೈ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು.

ಹೊಸ ಮುಂಗುಡಾರದ ಬೆಲೆ ಕೇಳಿದರೆ ಇನ್ನೊಂದು ಕ್ಯಾರವಾನೇ ಬರುವಂತಿತ್ತು. ಹಾಗಾಗಿ ಯಾರೋ ಬಳಸಿ ಬಿಟ್ಟದ್ದನ್ನೇ ಹುಡುಕಬೇಕು. ಹುಡುಕಬೇಕಾದರೆ ಅಳತೆ ಬೇಕು. ಅಂತರ್ಜಾಲದಲ್ಲಿ ನೋಡಿದರೆ ಅದೇ ವರ್ಷದ ಅದೇ ಕ್ಯಾರವಾನಿಗೆ ಮೂರು ಜನ ಮೂರು ಅಳತೆ ಬರೆದಿದ್ದರು, ಮೂವರೂ ಆಣೆ ಹಾಕಿದ ಹಾಗೆ ಬರೆದಿದ್ದರು.

“ನಾವೇ ಅಳೆಯೋಣ,” ಎಂದ ವೀಬೆ. ಅವನು ಒಳಚರಂಡಿ ಪೈಪುಗಳ ಕೆಲಸದವನು. ಅಳೆಯುವುದೆಂದರೆ ಅವನಿಗೆ ಉಸಿರಾಟ. “ಕ್ಯಾರವಾನ್ ಅಂಚಲ್ಲಿ ಅಲ್ಯೂಮಿನಿಯಂ ಪಟ್ಟಿ ಇದ್ಯಲ್ಲ, ಸೀಳಿರೋದು, ಟೆಂಟಿನ ಅಂಚು ಅದರೊಳಗೆ ಲಾಡಿ ಏರ್ಸಿದ ಹಾಗೆ ಏರುತ್ತೆ. ಅದರ ಗುಂಟ ಹಗ್ಗ ಹಿಡೀಬೇಕು. ಈ ಕಡೆ ನೆಲದಿಂದ ಶುರು ಮಾಡಿ, ಮೇಲೆ ಹತ್ತಿ, ಚಾವಣಿ ದಾಟಿ, ಆ ಕಡೆ ನೆಲದವರೆಗೆ. ನೆಲದಿಂದ ನೆಲಕ್ಕೆ. ಪಟ್ಟಿ ಮುಗಿದ ಕಡೆ ನಿಲ್ಲಿಸೋದಲ್ಲ. ತಿಳೀತಾ?”

“ನಾನೇನು ಮಗುವಾ?”

“ನೀನು ಅರ್ಧ ದಾರೀಲಿ ಕಿಟಕಿ ನೋಡ್ಕೊಂಡು ನಿಂತುಬಿಡ್ತೀಯ, ಅದಕ್ಕೆ ಹೇಳಿದ್ದು.”

ಕ್ಯಾರವಾನ್ ಆಗ ತ್ಯಾಲಿಂಗ್ ಎಂಬ ರೈತನ ಕೊಟ್ಟಿಗೆಯಲ್ಲಿತ್ತು. ಆ ಸೀಮೆಯಲ್ಲಿ ಚಳಿಗಾಲವೆಲ್ಲ ಹಸುಗಳಿಲ್ಲದ ಕೊಟ್ಟಿಗೆಗಳ ತುಂಬ ಕ್ಯಾರವಾನುಗಳೇ. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ನಿಲ್ಲಿಸಿರುತ್ತಾರೆ. ಏಪ್ರಿಲ್ ಬರದೆ, ಮುಂದಿನದು ಹೊರಡದೆ, ಹಿಂದಿನದು ಅಲುಗಾಡುವಂತಿಲ್ಲ. ಏಪ್ರಿಲ್‌ವರೆಗೆ ಕಾದರೆ ಒಳ್ಳೆಯ ಮುಂಗುಡಾರಗಳೆಲ್ಲ ಖಾಲಿ. ಎರಡು ಕ್ಯಾರವಾನುಗಳ ನಡುವಿನ ಸಂದಿಯಲ್ಲಿ ವೀಬೆಯ ಹೊಟ್ಟೆ ಹಿಡಿಸಲಿಲ್ಲ. ಅವನು ಬಾಗಿಲಲ್ಲಿ ತ್ಯಾಲಿಂಗ್ ಜೊತೆ ಕಾಫಿ ಕುಡಿಯುತ್ತ ನಿಂತ. ರೆನ್ಸ್ಕೆ ಬಟ್ಟೆ ಒಣಹಾಕುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನುಸುಳಿದಳು.

ಒಳಗೆ ಅರೆಗತ್ತಲು, ಹಳೆಯ ಹುಲ್ಲಿನ ವಾಸನೆ. ಅವಳ ಮನೆ ಅಲ್ಲಿ ತೇಲುತ್ತಿತ್ತು. ಹೌದು, ತೇಲುತ್ತಿತ್ತು, ಚಕ್ರಗಳು ನೆಲ ಮುಟ್ಟಿರಲಿಲ್ಲ. ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗದಿರಲೆಂದು ತ್ಯಾಲಿಂಗ್ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತಿದ್ದ. ಕೊಟ್ಟಿಗೆಯ ಬೂದುಬಣ್ಣದ ಬೆಕ್ಕು ತಲೆಯನ್ನಷ್ಟು ತಗ್ಗಿಸಿ ಚಕ್ರದ ಅಡಿಯಿಂದ ಆಚೆಗೆ ನಡೆದುಹೋಯಿತು. ಮನೆ ತುದಿಗಾಲಲ್ಲಿ ನಿಂತು, ಕೊಟ್ಟಿಗೆಯ ಎತ್ತರದ ಕಿಂಡಿಯಿಂದ ಕೆರೆ ಕಾಣುತ್ತದೋ ಎಂದು ನೋಡುತ್ತಿದೆ ಅನ್ನಿಸಿತು ರೆನ್ಸ್ಕೆಗೆ. ಇದನ್ನು ಅಜ್ಜಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ಹಗ್ಗ ಹಿಡಿದು, ನೆಲದಿಂದ ನೆಲಕ್ಕೆ, ಬಲು ಶ್ರದ್ಧೆಯಿಂದ ಅಳೆದು, ಮುಗಿದ ಕಡೆ ಗಂಟು ಹಾಕಿದಳು.

“ನೆಲದಿಂದ ನೆಲಕ್ಕೇನಾ?” ಹೊರಗೆ ಬಂದಾಗ ವೀಬೆ ಕೇಳಿದ.

“ನೆಲದಿಂದ ನೆಲಕ್ಕೆ.”

ಆ ಹಗ್ಗ ಕಾರಿನ ಹಿಂದಿನ ಸೀಟು ಸೇರಿತು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅದರದೇ ದರ್ಬಾರು.

ಮೊದಲು ಹೋದದ್ದು ಯೌರೆ ಎಂಬ ಊರಿನ ಒಬ್ಬ ನಿವೃತ್ತ ಮೇಷ್ಟರ ಮನೆಗೆ.

“ನಮ್ಮದು ಐದು ಮೀಟರ್ ಕ್ಯಾರವಾನಿಂದು,” ಎಂದರು ಮೇಷ್ಟರು.

“ಐದು ಮೀಟರ್ ಅಂದ್ರೆ ಕಾರಿಗೆ ಸಿಕ್ಕಿಸೋ ಮೂತಿ ಸೇರ್ಸಿಯೋ, ಬಿಟ್ಟೋ?” ಎಂದ ವೀಬೆ.

“ಯಾವ ಮೂತಿ?”

“ಸರಿ ಬಿಡಿ. ಹಾಸಿ ನೋಡೋಣ.”

ಹಾಸಿ ನೋಡುವುದೆಂದರೆ ಸಣ್ಣ ಕೆಲಸವಲ್ಲ. ಮುಂಗುಡಾರದ ಮೂಟೆ ಬಿಚ್ಚಿದರೆ ಅದು ಸತ್ತ ಆನೆಯ ಹಾಗೆ ಅಂಗಳದ ತುಂಬ ಬೀಳುತ್ತದೆ. ಅದರ ನಾಲ್ಕೆಂಟು ಅಂಚುಗಳಲ್ಲಿ ಹುರಿ ಹೊಲಿದಿರುವ, ಪಟ್ಟಿಯೊಳಗೆ ಏರುವ ಒಂದೇ ಒಂದು ಅಂಚನ್ನು ಹುಡುಕಬೇಕು. ಗಾಳಿ ಬಿಡುವುದಿಲ್ಲ. ವೀಬೆ ಒಂದು ತುದಿಯನ್ನು ಬೂಟುಗಾಲಲ್ಲಿ ತುಳಿದು ನಿಂತ, ಮೇಷ್ಟರು ಇನ್ನೊಂದು ತುದಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು, ರೆನ್ಸ್ಕೆ ನಡುವೆ ಮಂಡಿಯೂರಿ ಹಗ್ಗ ಹಿಡಿದು ತೆವಳಿದಳು. ಹಗ್ಗ ಮುಗಿದರೂ ಅಂಚು ಮುಗಿಯಲಿಲ್ಲ. ವೀಬೆ ಮಡಿಸಲು ಶುರುಮಾಡಿದ. ಬಿಚ್ಚುವಾಗ ಚೀಲದೊಳಗಿದ್ದದ್ದು ಮಡಿಸಿದ ಮೇಲೆ ಚೀಲದೊಳಗೆ ಹೋಗಲಿಲ್ಲ.

ಎರಡನೆಯದಕ್ಕೆ ಅಳತೆಯ ಚೀಟಿ ಇತ್ತು. ಚೀಟಿಯ ಮೇಲೆ ಒಂದೇ ಒಂದು ಅಕ್ಷರ, ಎಚ್.

“ಎಚ್ ಅಂದ್ರೆ ಎಷ್ಟು?” ಎಂದಳು ರೆನ್ಸ್ಕೆ.

“ಜಿಗಿಂತ ದೊಡ್ಡದು, ಐಗಿಂತ ಚಿಕ್ಕದು,” ಎಂದ ಮಾರುವವನು. ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವನ ಮುಖ ನೋಡಿದಳು. ಮಾಡುತ್ತಿರಲಿಲ್ಲ.

ಮೂರನೆಯದನ್ನು ಜಿನುಗುವ ಮಳೆಯಲ್ಲಿ ಹಾಸಿದರು. ಅಳತೆ ಸರಿಯಾಗಿ ಕೂತಿತು, ಇಬ್ಬರೂ ಕೈಕೈ ತಟ್ಟಿದರು; ಆಮೇಲೆ ನೋಡಿದರೆ ವೀಬೆ ಹಿಡಿದಿದ್ದದ್ದು ನೆಲಕ್ಕೆ ತಾಗುವ ಕೆಳಗಿನ ಅಂಚು.

“ಪೈಪ್ ಅಳೆಯೋರು ನೀವು,” ಎಂದಳು ರೆನ್ಸ್ಕೆ. ಸಿಟ್ಟು ಬಂದಾಗ ಗಂಡನಿಗೆ ಬಹುವಚನ ಹಚ್ಚುವುದು ಅವಳ ಅಭ್ಯಾಸ.

“ಪೈಪಿಗೆ ಎರಡೇ ಬಾಯಿ. ಇದಕ್ಕೆ ಎಲ್ಲಿ ತಲೆ ಎಲ್ಲಿ ಕಾಲು ಅಂತ ದೇವರಿಗೇ ಗೊತ್ತು.”

ನಾಲ್ಕನೆಯದು ಕೆರೆಯ ಏರಿಯ ಪಕ್ಕದ ಹಳ್ಳಿಯಲ್ಲಿ, ಬೌಕ್ಯೆ ಎಂಬ ವಿಧವೆಯ ಮನೆಯಲ್ಲಿತ್ತು. ಅವಳು ಅದನ್ನು ಇಸ್ತ್ರಿ ಮಾಡಿದ ಮೇಜುಬಟ್ಟೆಯಂತೆ ಮಡಿಸಿ ಇಟ್ಟಿದ್ದಳು. ದಪ್ಪ ಹತ್ತಿಯ ಬಟ್ಟೆ, ನೀಲಿ ಬಿಳಿ ಪಟ್ಟೆ, ಮೇಣದ ವಾಸನೆ. ರೆನ್ಸ್ಕೆ ಮುಖ ಹತ್ತಿರ ತಂದಳು. ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಮಳೆ ಕೇಳಿದ ಎಲ್ಲ ರಾತ್ರಿಗಳೂ ಅದರೊಳಗಿದ್ದವು. ಇದೇ, ಇದೇ ಆಗಬೇಕು ಎಂದುಕೊಂಡಳು. ಅಳತೆಯ ಚೀಟಿ ಒಗೆದು ಒಗೆದು ಬೆಳ್ಳಗಾಗಿತ್ತು. ಅಂಗಳದ ಚಪ್ಪಡಿಗಳ ಮೇಲೆ ಹಾಸಿ ಹಗ್ಗ ಹಿಡಿದರು. ಟೆಂಟಿನ ಅಂಚು ಮುಗಿದ ಮೇಲೂ ಹಗ್ಗ ಒಂದೂವರೆ ಗೇಣು ಉಳಿಯಿತು.

“ಚಿಕ್ಕದಾಯ್ತು,” ಎಂದ ವೀಬೆ.

“ನನ್ನ ಟೆಂಟ್ ಚಿಕ್ಕದಲ್ಲ. ನಿಮ್ಮ ಹಗ್ಗ ಉದ್ದ,” ಎಂದಳು ಬೌಕ್ಯೆ.

“ಎರಡೂ ಒಂದೇ ಅಲ್ವಾ ಅಮ್ಮಾ?”

“ಒಂದೇ ಅಲ್ಲ.”

“ಇನ್ನೊಂದ್ಸಲ ಅಳೆಯೋಣ ಕಣೋ,” ಎಂದಳು ರೆನ್ಸ್ಕೆ. ಅಳೆದರು. ಬಟ್ಟೆಯನ್ನು ಎಳೆದು ಹಿಡಿದು ಅಳೆದರು. ಅದೇ ಒಂದೂವರೆ ಗೇಣು. ಬೌಕ್ಯೆ ತುಟಿ ಬಿಗಿದು ಮತ್ತೆ ಮಡಿಸತೊಡಗಿದಳು. ಸಹಾಯಕ್ಕೆ ಚಾಚಿದ ರೆನ್ಸ್ಕೆಯ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು.

ಕೊನೆಗೆ ಹಾರ್ಲಿಂಗನ್‌ನಲ್ಲಿ ಒಂದು ಸಿಕ್ಕಿತು. ಕೊಳಕು ಬೂದು ಬಣ್ಣ, ಪ್ಲಾಸ್ಟಿಕ್ ವಾಸನೆ. ಆದರೆ ಹಗ್ಗದ ಗಂಟು ಅಂಚಿನ ತುದಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದು ನಿಂತಿತು. ವೀಬೆ ದುಡ್ಡು ಕೊಟ್ಟು, ಮೂಟೆ ಹೊತ್ತು, ದಾರಿಯುದ್ದಕ್ಕೂ ಶಿಳ್ಳೆ ಹಾಕಿದ.

ಏಪ್ರಿಲ್‌ನಲ್ಲಿ ಕ್ಯಾರವಾನನ್ನು ಕೊಟ್ಟಿಗೆಯಿಂದ ಬಿಡಿಸಿಕೊಂಡು, ಮಕ್ಕುಮ್ ಊರಿನ ಹತ್ತಿರ, ಕೆರೆ ದಂಡೆಯ ಕ್ಯಾಂಪಿನಲ್ಲಿ ಬಾಡಿಗೆಗೆ ಹಿಡಿದ ಜಾಗಕ್ಕೆ ತಂದು ನಿಲ್ಲಿಸಿದರು. ಮೇ ತಿಂಗಳು ಬಂತು. ಹಬ್ಬ ಇನ್ನೊಂದು ವಾರವಿದೆ ಎನ್ನುವಾಗ ಭಾನುವಾರ ಬೆಳಿಗ್ಗೆ ಮುಂಗುಡಾರ ಕಟ್ಟಲು ಕೂತರು. ಕ್ಯಾಂಪಿನಲ್ಲಿ ಒಬ್ಬರು ಟೆಂಟ್ ಕಟ್ಟುತ್ತಿದ್ದಾರೆಂದರೆ ಉಳಿದವರಿಗೆ ಅದು ನಾಟಕ ನೋಡಿದ ಹಾಗೆ. ಪಕ್ಕದ ಜಾಗದ ಲೊಲ್ಕೆ ಮಡಿಸುವ ಕುರ್ಚಿಯನ್ನು ಇವರತ್ತ ತಿರುಗಿಸಿಕೊಂಡು, ಕಾಫಿಯ ಬಟ್ಟಲು ಹಿಡಿದು, ಕಾಲ ಬಳಿ ತನ್ನ ಗಿಡ್ಡಕಾಲಿನ ನಾಯಿಯನ್ನು ಕೂರಿಸಿಕೊಂಡು ಸಿದ್ಧನಾದ.

ಅಂಚನ್ನು ಪಟ್ಟಿಯೊಳಗೆ ಏರಿಸಿ ಎಳೆದರು. ಈ ಕಡೆ ಬಟ್ಟೆ ನೆಲಕ್ಕೆ ಬಿದ್ದು ಮಡಿಕೆಯಾಯಿತು. ಸ್ವಲ್ಪ ಆ ಕಡೆಗೆ ಎಳೆದರು. ಆ ಕಡೆ ಬಿದ್ದು ಮಡಿಕೆಯಾಯಿತು. ನಡುವಿಗೆ ತಂದರು, ಎರಡೂ ಕಡೆ, ಅಳತೆ ಮೀರಿದ ಲಂಗದಂತೆ, ಹುಲ್ಲಿನ ಮೇಲೆ ಮುದುರಿಕೊಂಡು ಕೂತಿತು. ಕಂಬಗಳನ್ನು ಎಷ್ಟು ಎತ್ತರಿಸಿದರೂ ಚಾವಣಿ ಜೋತುಬಿದ್ದು ಹೊಟ್ಟೆ ಬಿಟ್ಟಿತು. ಅಲ್ಲಿ ಮಳೆ ನಿಂತರೆ ಕೆಳಗೆ ಮಲಗಿದ ಅಜ್ಜಿಯ ಗತಿಯೇನು?

“ದೊಡ್ಡದಾಯ್ತು ಅನ್ನಿಸುತ್ತೆ,” ಎಂದ ಲೊಲ್ಕೆ.

“ಹೌದಾ? ನಮಗೆ ಗೊತ್ತೇ ಆಗ್ಲಿಲ್ಲ,” ಎಂದ ವೀಬೆ.

“ಕಂಬ ಇನ್ನೊಂಚೂರು ಎತ್ತಿ.”

“ಎತ್ತಿದೆ.”

“ಹಂಗಾದ್ರೆ ಇಳಿಸಿ.”

ವೀಬೆ ಸುತ್ತಿಗೆಯನ್ನು ಹುಲ್ಲಿನ ಮೇಲೆ ಮೆತ್ತಗೆ, ಬಹಳ ಮೆತ್ತಗೆ ಇಟ್ಟ. ಅವನು ಹಾಗೆ ಮೆತ್ತಗಾದರೆ ರೆನ್ಸ್ಕೆಗೆ ಭಯ. “ಹಗ್ಗ ಕೊಡು,” ಎಂದ. ಹಗ್ಗವನ್ನು ಕ್ಯಾರವಾನಿಗೇ ಮತ್ತೆ ಹಿಡಿದರು. ನೆಲದಿಂದ ನೆಲಕ್ಕೆ. ಹಗ್ಗವೇ ಒಂದೂವರೆ ಗೇಣು ಹೆಚ್ಚು.

“ನೀನು ಏನು ಅಳೆದೆ ಅವತ್ತು?”

“ಇದನ್ನೇ ಕಣೋ.”

“ಇದನ್ನಲ್ಲ. ಪಕ್ಕದವರದ್ದು ಅಳೆದಿರ್ತೀಯ, ಕನಸು ಕಾಣ್ತಾ.”

“ನಮ್ಮ ಪರದೆ ನಂಗೆ ಗೊತ್ತಿಲ್ವಾ? ನಾನೇ ಹೊಲಿದದ್ದು.”

“ಹಂಗಾದ್ರೆ ಹಗ್ಗ ಬೆಳೀತಾ? ಇಲ್ಲಾ ಕ್ಯಾರವಾನ್ ಸೊರಗಿತಾ?”

“ನೈಲಾನ್ ಹಗ್ಗ ಎಳೆದಷ್ಟೂ ಬರುತ್ತೆ,” ಎಂದ ಲೊಲ್ಕೆ. ವೀಬೆ ಅವನ ಕಡೆ ತಿರುಗಿದ. ನೈಲಾನು ಎಷ್ಟು ಬೆಳೆಯುತ್ತದೆಂಬ ಬಗ್ಗೆ ಇಬ್ಬರಿಗೂ ಜೋರಾಗಿಯೇ ಮಾತು ಹತ್ತಿತು. ಅಷ್ಟರಲ್ಲಿ ರೆನ್ಸ್ಕೆಯ ಫೋನು ಬಡಿದುಕೊಂಡಿತು. ಅಜ್ಜಿ.

“ನನ್ನ ದಪ್ಪ ಕಾಲುಚೀಲ ಚೀಲಕ್ಕೆ ಹಾಕ್ದೆ. ಟೆಂಟ್ ನಿಂತಿತಾ?”

“ನಿಲ್ತಾ ಇದೆ ಅಜ್ಜಿ.”

“ಗದ್ದಲ ಕೇಳಿಸ್ತಾ ಇದೆ. ವೀಬೆ ಬೈತಿದ್ದಾನಾ?”

“ಇಲ್ಲ. ಹಗ್ಗದ ವಿಷಯ ಮಾತಾಡ್ತಿದ್ದಾರೆ.”

ಫೋನಿಟ್ಟು ಅವಳು ಹುಲ್ಲಿನ ಮೇಲೆ ಕುಸಿದು ಕೂತಳು. ಎಷ್ಟು ಶನಿವಾರ, ಎಷ್ಟು ಅಂಗಳ, ಎಷ್ಟು ಮಂಡಿ ನೋವು. ಒಂದು ಬಟ್ಟೆಯ ಅಳತೆ ಹಿಡಿಯಲಾರದವಳು ಮುದುಕಿಗೆ ಮಾತು ಕೊಡಲು ಹೋದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಲೊಲ್ಕೆಯ ನಾಯಿ ಮೆಲ್ಲನೆ ಎದ್ದು ಬಂತು. ಕ್ಯಾರವಾನಿನ ಚಕ್ರವನ್ನು ಮೂಸಿತು. ಈ ಬದಿ ಮೂಸಿ, ಆ ಬದಿಗೆ ಹೋಗಲು ನೋಡಿತು. ಮೂತಿ ಟೈರಿನ ಬುಡಕ್ಕೆ ತಗುಲಿತು. ಟೈರು ಹುಲ್ಲನ್ನು ಅಪ್ಪಚ್ಚಿ ಮಾಡಿ ಕೂತಿತ್ತು. ಅಡಿಯಲ್ಲಿ ಇರುವೆ ನುಗ್ಗಲೂ ಜಾಗವಿರಲಿಲ್ಲ. ನಾಯಿ ಇನ್ನೇನು ಮಾಡುವುದೆಂದು ಕಾಲೆತ್ತಿತು.

ರೆನ್ಸ್ಕೆ ನಾಯಿಯನ್ನು ಓಡಿಸಲಿಲ್ಲ. ಅವಳು ಬೇರೊಂದು ಪ್ರಾಣಿಯನ್ನು ನೋಡುತ್ತಿದ್ದಳು. ಬೂದು ಬೆಕ್ಕು. ತಲೆ ತಗ್ಗಿಸಿ ಚಕ್ರದ ಅಡಿಯಿಂದ ನಡೆದುಹೋದ ಬೆಕ್ಕು.

“ವೀಬೆ,” ಎಂದಳು. “ಕೊಟ್ಟಿಗೇಲಿ ನಮ್ಮ ಮನೆ ತುದಿಗಾಲಲ್ಲಿ ನಿಂತಿತ್ತು.”

“ಈಗ ಕಥೆ ಬೇಡ ಮಾರಾಯ್ತಿ.”

“ಕಥೆ ಅಲ್ಲ. ತ್ಯಾಲಿಂಗ್ ದಿಮ್ಮಿ ಕೊಟ್ಟು ಎತ್ತಿದ್ದ. ಚಕ್ರ ನೆಲ ಮುಟ್ಟಿರ್ಲಿಲ್ಲ. ಅಡಿಯಲ್ಲಿ ಬೆಕ್ಕು ಓಡಾಡ್ತಿತ್ತು. ಈ ಕಡೆ ಮುಕ್ಕಾಲು ಗೇಣು, ಆ ಕಡೆ ಮುಕ್ಕಾಲು ಗೇಣು.”

ವೀಬೆ ಅವಳನ್ನು ನೋಡಿದ. ಚಕ್ರವನ್ನು ನೋಡಿದ. ಹಗ್ಗವನ್ನು ನೋಡಿದ. ಲೊಲ್ಕೆ ಕಾಫಿಯ ಬಟ್ಟಲನ್ನು ಬಾಯಿಯ ಹತ್ತಿರವೇ ಹಿಡಿದು ಕೂತ.

“ತುದಿಗಾಲಲ್ಲಿ ನಿಲ್ಸಿ ಅಳತೆ ತಗೊಂಡು,” ಎಂದ ವೀಬೆ ಕಡೆಗೆ, “ಮನೆಗೆ ಪ್ಯಾಂಟ್ ಹೊಲಿಸಿದ್ವಿ ನಾವು.”

“ನೀನು ನೆಲದಿಂದ ನೆಲಕ್ಕೆ ಅಂದೆ.”

“ಅಂದೆ. ನೆಲ ಎಲ್ಲಿದೆ ನೋಡು ಅಂತ ಹೇಳೋದು ಮರೆತೆ.”

ಅವಳು ಕತ್ತರಿ ತಂದು ಹಗ್ಗವನ್ನು ಸರಿಯಾದ ಅಳತೆಗೆ ಕತ್ತರಿಸಿದಳು. ಆ ಒಂದೂವರೆ ಗೇಣಿನ ತುಂಡು ಕೈಯಲ್ಲಿ ಉಳಿಯಿತು. ಅದನ್ನು ಎಲ್ಲಿಯೋ ನೋಡಿದ ಹಾಗಿತ್ತು. ಹೌದು, ಬೌಕ್ಯೆಯ ಅಂಗಳದ ಚಪ್ಪಡಿಗಳ ಮೇಲೆ, ನೀಲಿ ಪಟ್ಟೆಯ ಅಂಚಿನ ಆಚೆಗೆ.

ಬೂದು ಟೆಂಟನ್ನು ಕಳಚಿಟ್ಟು ಕಾರು ಹತ್ತಿದವರು ನೇರ ಬೌಕ್ಯೆಯ ಬಾಗಿಲಿಗೆ ಬಂದರು. ಟೆಂಟ್ ಮಾರಿಹೋಗಿರಲಿಲ್ಲ. ಅದು ಹಿತ್ತಲಿನಲ್ಲಿ, ಹುರುಳಿಕಾಯಿ ಸಸಿಗಳ ಮೇಲೆ, ಗೂಟಗಳ ಆಧಾರದಲ್ಲಿ ಉದ್ದಕ್ಕೆ ಹಾಸಿಕೊಂಡು ಮಲಗಿತ್ತು.

“ಹಿಮದ ಸಂತರು ಬಂದಿದ್ದಾರೆ,” ಎಂದಳು ಬೌಕ್ಯೆ. ಮೇ ತಿಂಗಳ ನಡುವಿನ ಆ ಕೆಲವು ದಿನ ಸಂತರ ಹೆಸರಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಸಸಿಗಳನ್ನು ಸುಡುತ್ತದೆಂದು ಆ ಕಡೆಯವರು ಯಾರೂ ಸಸಿಗಳ ಹೊದಿಕೆ ತೆಗೆಯುವ ಧೈರ್ಯ ಮಾಡುವುದಿಲ್ಲ. “ಆ ಸಂತರಲ್ಲಿ ಕೊನೇಲಿ ಬರೋಳು ಸೋಫಿ. ಅವಳು ಹೋಗೋವರೆಗೆ ನಾನು ಅದನ್ನ ಮುಟ್ಟಲ್ಲ.”

“ಸೋಫಿ ಬುಧವಾರ ಹೋಗ್ತಾಳಲ್ಲ,” ಎಂದ ವೀಬೆ.

“ಕೆಲವು ವರ್ಷ ಎರಡು ದಿನ ತಡವಾಗಿ ಹೋಗ್ತಾಳೆ. ಅದೂ ಅಲ್ದೆ ಅದು ಚಿಕ್ಕದು ಅಂದವರು ನೀವೇ ಅಲ್ವಾ?”

“ತಪ್ಪಾಯ್ತು ಅಮ್ಮಾ. ನಮ್ಮ ಹಗ್ಗ ಉದ್ದ ಇತ್ತು,” ಎಂದಳು ರೆನ್ಸ್ಕೆ.

ಬೌಕ್ಯೆ ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸಿದವಳಂತೆ ತುಟಿ ಒರೆಸಿಕೊಂಡಳು. “ಶನಿವಾರ ಬೆಳಿಗ್ಗೆ ಬನ್ನಿ,” ಎಂದಳು.

ಶನಿವಾರವೇ ಅಜ್ಜಿ ಬರುವ ದಿನ. ವಾರವಿಡೀ ರೆನ್ಸ್ಕೆ ಆಕಾಶ ನೋಡಿದಳು, ಉಷ್ಣಮಾಪಕ ನೋಡಿದಳು, ಯಾವತ್ತೂ ಕಾಣದ ಆ ಸೋಫಿಯನ್ನು ಮನಸಾರೆ ಬೈದಳು. ಬೇರೆ ಯಾರಾದರೂ ಬಂದು ಬೌಕ್ಯೆಯ ಮನಸ್ಸು ಕೆಡಿಸಿದರೆ? ಬಟ್ಟೆ ಕೊಳೆತುಹೋಗಿದ್ದರೆ? ಬೆಳಿಗ್ಗೆ ಎದ್ದೊಡನೆ ಹಗ್ಗ ಹಿಡಿದು ಕ್ಯಾರವಾನನ್ನು ಮತ್ತೆ ಅಳೆಯುವುದು ಅವಳಿಗೆ ಚಟವಾಗಿಬಿಟ್ಟಿತು. ವೀಬೆ ನೋಡಿ ಒಳಗೆ ಹೋಗುತ್ತಿದ್ದ.

ಶನಿವಾರ ಬೌಕ್ಯೆ ತಾನೇ ಬಟ್ಟೆಯನ್ನು ಸಸಿಗಳ ಮೇಲಿಂದ ಎತ್ತಿದಳು. ಮಣ್ಣು, ಬಸವನಹುಳುಗಳ ಬೆಳ್ಳಿ ದಾರಿ, ಒಂದು ಒಣ ಎಲೆ. “ಅಳೀರಿ,” ಎಂದಳು. ಅಳೆದರು. ಬೆರಳಗಲ ಮಾತ್ರ ವ್ಯತ್ಯಾಸ. “ಇನ್ನೊಂದ್ಸಲ,” ಎಂದಳು. ಮತ್ತೆ ಅಳೆದರು. “ಈಗ ಹೇಳಿ, ಚಿಕ್ಕದಾ?”

“ಇಲ್ಲಮ್ಮಾ,” ಎಂದ ವೀಬೆ, ಶಾಲೆಯಲ್ಲಿ ನಿಂತವನಂತೆ.

ಬೌಕ್ಯೆ ಒಂದು ಸಕ್ಕರೆ ಬ್ರೆಡ್ಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಳು. ವೀಬೆ ಮೂಟೆಯನ್ನೂ ರೆನ್ಸ್ಕೆಯನ್ನೂ ಕ್ಯಾಂಪಿನಲ್ಲಿ ಇಳಿಸಿ, ಅಜ್ಜಿಯನ್ನು ಕರೆತರಲು ಬೊಲ್ಸ್‌ವರ್ಡಿಗೆ ಹೊರಟ.

ಇತ್ತ ಅಂಚು ಪಟ್ಟಿಯೊಳಗೆ ಹೋಗಲೊಲ್ಲದು. ಒದ್ದೆ ಹತ್ತಿ ಉಬ್ಬಿಕೊಂಡು ಮೊದಲ ಮೂಲೆಯಲ್ಲೇ ಕಚ್ಚಿಕೊಂಡಿತು. ರೆನ್ಸ್ಕೆ ಎಳೆದಳು, ಜೋತುಬಿದ್ದಳು, ಉಗುರು ಮುರಿದುಕೊಂಡಳು. ಲೊಲ್ಕೆ ಕುರ್ಚಿಯಿಂದ ಎದ್ದ.

“ಸಲಹೆ ಇದ್ರೆ ಬೇಡ,” ಎಂದಳು.

“ಸಲಹೆ ಅಲ್ಲ. ಸಾಬೂನು,” ಎಂದು ಅವನು ಪಾತ್ರೆ ತೊಳೆಯುವ ಹಸಿರು ಸಾಬೂನಿನ ಡಬ್ಬಿ ತೋರಿಸಿದ. ಪಟ್ಟಿಯ ಸೀಳಿಗೆ ಉದ್ದಕ್ಕೂ ಸಾಬೂನು ಸವರಿದರು. ಅವನು ಕೆಳಗಿನಿಂದ ತಳ್ಳಿದ, ಅವಳು ಏಣಿಯ ಮೇಲಿಂದ ಎಳೆದಳು. ಬಟ್ಟೆ ಒಮ್ಮೆ ಗೊಣಗಿ, ಜಾರಿ, ಚಾವಣಿ ದಾಟಿ, ಆ ಕಡೆ ಇಳಿಯಿತು. ಕಂಬ ಎತ್ತಿದರು, ಗೂಟ ಹೊಡೆದರು. ನೀಲಿ ಪಟ್ಟೆಗಳು ಒಂದೊಂದಾಗಿ ಬಿಗಿದು ನೆಟ್ಟಗಾದವು. ಚಾವಣಿಯಲ್ಲಿ ಎಲ್ಲಿಯೂ ಹೊಟ್ಟೆ ಬರಲಿಲ್ಲ.

ಮಂಚ ಹಾಕಿ ಹೊದಿಕೆ ಹಾಸುವಾಗ ಕಾರು ಬಂತು. ಅಜ್ಜಿ ಕೋಲೂರಿಕೊಂಡು, ಒಂದು ಕೈ ವೀಬೆಯ ತೋಳಿನ ಮೇಲಿಟ್ಟು, ಹುಲ್ಲಿನ ಮೇಲೆ ನಡೆದು ಬಂದಳು. ಮೆಟ್ಟಿಲು ಇರಲಿಲ್ಲ. ನೆಟ್ಟಗೆ ಒಳಗೆ ಬಂದು ಮಂಚದ ಮೇಲೆ ಕೂತು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ಹತ್ತಿ,” ಎಂದಳು. “ಹುರುಳಿಕಾಯಿ ವಾಸನೆ ಯಾಕೆ?”

“ಅದೊಂದು ದೊಡ್ಡ ಕಥೆ ಅಜ್ಜಿ.”

“ಆಮೇಲೆ ಹೇಳು. ಮೊದಲು ನನ್ನದು. ಕದ ತಟ್ಟಿದಳು, ಅಲ್ಲಿಗೆ ನಿಲ್ಸಿದ್ದೆ ಅಲ್ವಾ?” ಅಜ್ಜಿ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತ ಎಂದಳು. “ಬಾಗಿಲು ಹಾಕು, ಕೆರೆ ಗಾಳಿ ಬರುತ್ತೆ.”

ರೆನ್ಸ್ಕೆ ಬಟ್ಟೆಯ ಬಾಗಿಲಿನ ಜಿಪ್ ಹಿಡಿದು ಮೇಲಿನಿಂದ ಎಳೆದಳು. ಅದು ಎಲ್ಲಿಯೂ ತಡೆಯದೆ, ಎಲ್ಲಿಯೂ ಮಡಿಕೆಯಾಗದೆ, ನೆಲದವರೆಗೆ ಬಂದು ಮುಚ್ಚಿಕೊಂಡಿತು.